ತಂಗಿಯ ಹೊಕ್ಕುಳಬಳ್ಳಿ, ಅಣ್ಣನ ರಕ್ತ

1988ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಐದು ವರ್ಷದ ಒಬ್ಬ ಅಮೆರಿಕನ್ ಹುಡುಗನಿಗೆ ಒಂದಿಷ್ಟು ರಕ್ತ ಏರಿಸಿದರು. ನೋಡುವವರಿಗೆ ಅದು ದಿನನಿತ್ಯದ ಕೆಲಸ. ಆದರೆ ಆ ರಕ್ತ ಅವನ ತಂಗಿಯದು. ಅವಳು ಹುಟ್ಟಿ, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಬಳ್ಳಿ ಮತ್ತು ಮಾಸಿನಲ್ಲಿ ಉಳಿದುಕೊಂಡದ್ದು. ಅಲ್ಲಿಯವರೆಗೆ ಅದನ್ನು ಹೆರಿಗೆ ಕೋಣೆಗಳಲ್ಲಿ ಸುಮ್ಮನೆ ಎಸೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಹಸು ಈದಾಗ 'ಕಸ ಬಿತ್ತೇ?' ಎಂದೇ ಅಲ್ಲವೇ ಕೇಳುವುದು!

ಹುಡುಗನಿಗಿದ್ದ ಕಾಯಿಲೆ ಫಾಂಕೋನಿ ಅನೀಮಿಯಾ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೋ ಫಾಂಕೋನಿ 1927ರಲ್ಲಿ ವಿವರಿಸಿದ ಈ ಆನುವಂಶಿಕ ರೋಗದಲ್ಲಿ ಜೀವಕೋಶಗಳಿಗೆ ತಮ್ಮ ಡಿಎನ್ಎಗಾದ ಹಾನಿಯನ್ನು ಸರಿಪಡಿಸಿಕೊಳ್ಳುವುದು ಬಾರದು. ಕ್ರಮೇಣ ಅಸ್ಥಿಮಜ್ಜೆ ಬತ್ತುತ್ತದೆ, ರಕ್ತ ಹುಟ್ಟುವುದೇ ನಿಲ್ಲುತ್ತದೆ. ಬೇರೆಯವರ ಮಜ್ಜೆ ಕಸಿ ಮಾಡಬೇಕೆಂದರೆ ಮೊದಲು ರೋಗಿಯ ಮಜ್ಜೆಯನ್ನು ಔಷಧ, ವಿಕಿರಣಗಳಿಂದ ತೆರವುಗೊಳಿಸಬೇಕು. ಈ ಮಕ್ಕಳು ಮಾಮೂಲಿ ಪ್ರಮಾಣವನ್ನು ತಾಳುವುದಿಲ್ಲ. ಪ್ಯಾರಿಸ್‌ನ ವೈದ್ಯೆ ಎಲಿಯಾನ್ ಗ್ಲಕ್‌ಮನ್ ಅವರಿಗಾಗಿ ತಗ್ಗಿಸಿದ ಪ್ರಮಾಣವನ್ನು ರೂಪಿಸಿದ್ದರು. ಹುಡುಗ ಸಾಗರ ದಾಟಿ ಅಲ್ಲಿಗೆ ಹೋದದ್ದು ಅದಕ್ಕೇ.

ರಕ್ತದ್ದು ಇನ್ನೊಂದು ಪ್ರಯಾಣ. ಹುಡುಗನ ತಾಯಿ ಮತ್ತೆ ಗರ್ಭಿಣಿಯಾದಾಗ ನ್ಯೂಯಾರ್ಕಿನ ಆರ್ಲೀನ್ ಔರ್‌ಬಾಕ್ ಭ್ರೂಣವನ್ನು ಪರೀಕ್ಷಿಸಿ ಮಗುವಿಗೆ ರೋಗವಿಲ್ಲವೆಂದು ಕಂಡುಕೊಂಡರು. ಅಣ್ಣನಿಗೆ ಹೊಂದುವ ಅಂಗಾಂಶವೆಂಬುದೂ ಗೊತ್ತಾಯಿತು. ಇಂಡಿಯಾನಾಪೊಲಿಸ್‌ನ ವಿಜ್ಞಾನಿ ಹಾಲ್ ಬ್ರಾಕ್ಸ್‌ಮೇಯರ್ ಅದಾಗಲೇ ಅನೇಕ ಹೆರಿಗೆಗಳ ಬಳ್ಳಿರಕ್ತ ತರಿಸಿಕೊಂಡು ಅದರಲ್ಲಿ ಎಷ್ಟು ಕಾಂಡಕೋಶಗಳಿವೆ, ಎಷ್ಟು ದಿನ ಬದುಕುತ್ತವೆ ಎಂದು ಎಣಿಸುತ್ತಿದ್ದರು. ಅವರಿಗೆ ತಿಳಿದದ್ದು ಸರಳ ಸಂಗತಿ: ಕೋಶಗಳನ್ನು ಬೇರ್ಪಡಿಸಲು ಹೋದಷ್ಟೂ ಕಳೆದುಕೊಳ್ಳುತ್ತೇವೆ. ಹಾಗಾಗಿ ರಕ್ತವನ್ನು ಇದ್ದಂತೆಯೇ ಹೆಪ್ಪುಗಟ್ಟಿಸಿ ಇಟ್ಟರು. ಅದು ಹಾಗೆಯೇ ಪ್ಯಾರಿಸ್ ತಲುಪಿತು. ಕಸಿ ಹಿಡಿಯಿತು. 1989ರಲ್ಲಿ ವರದಿ ಪ್ರಕಟವಾಯಿತು. ಆ ಹುಡುಗ ಬೆಳೆದು ದೊಡ್ಡವನಾದ.

ಈ ಚರಿತ್ರೆಯನ್ನು ನಾನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಬಸುರಿ ಹೆಂಗಸರಿಗೆ ಬರುವ ಖಾಸಗಿ ಬ್ಯಾಂಕುಗಳ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. 'ನಿಮ್ಮ ಮಗುವಿನ ಬಳ್ಳಿರಕ್ತವನ್ನು ಅದರ ನಾಳೆಗಾಗಿ ಉಳಿಸಿಡಿ, ಎಂಬತ್ತು ಕಾಯಿಲೆಗಳಿಗೆ ಮದ್ದು' ಎಂಬ ಧಾಟಿಯವು. ಪಟ್ಟಿ ಸುಳ್ಳಲ್ಲ. ರಕ್ತದ ಕ್ಯಾನ್ಸರು, ಥಲಸ್ಸೀಮಿಯಾ, ಸಿಕಲ್ ಸೆಲ್, ಕೆಲವು ಚಯಾಪಚಯ ರೋಗಗಳಿಗೆ ಇದನ್ನು ಬಳಸಿದ್ದಾರೆ. ಆದರೆ ಯಾರ ರಕ್ತವನ್ನು? ಪ್ಯಾರಿಸ್‌ನ ಹುಡುಗ ಹುಟ್ಟಿದಾಗ ಅವನದೇ ಬಳ್ಳಿರಕ್ತವನ್ನು ಕಾದಿಟ್ಟಿದ್ದರೆ ಅದರ ಪ್ರತಿ ಕೋಶದಲ್ಲೂ ಅದೇ ಫಾಂಕೋನಿ ದೋಷ ಇರುತ್ತಿತ್ತು. ಥಲಸ್ಸೀಮಿಯಾದ ಮಗುವಿನ ವಿಷಯವೂ ಹಾಗೆಯೇ. ಬಳ್ಳಿರಕ್ತ ಗೆದ್ದದ್ದು ಅದು ಇನ್ನೊಬ್ಬರದಾಗಿದ್ದರಿಂದ. ನಮ್ಮ ಐಸಿಎಂಆರ್‌ನ ಮಾರ್ಗಸೂಚಿ ಕೂಡ ಸ್ವಂತ ಬಳಕೆಗೆ ಕಾದಿಡಲು ವೈಜ್ಞಾನಿಕ ಆಧಾರವಿಲ್ಲವೆಂದೇ ಹೇಳುತ್ತದೆ. ಮನೆಯಲ್ಲಿ ಇದರಿಂದ ಗುಣವಾಗಬಲ್ಲ ರೋಗವಿರುವ ಹಿರಿಯ ಮಗುವಿದ್ದರೆ ಮಾತ್ರ ಖಾಸಗಿಯಾಗಿ ಇಡಬಹುದು ಎನ್ನುತ್ತದೆ. ಅಂದರೆ ಪ್ಯಾರಿಸ್‌ನ ಪ್ರಸಂಗವೇ.

ಇನ್ನೊಂದು ದಾರಿಯನ್ನು ನ್ಯೂಯಾರ್ಕ್ ಬ್ಲಡ್ ಸೆಂಟರ್‌ನ ಪಾಬ್ಲೊ ರೂಬಿನ್‌ಸ್ಟೈನ್ 1990ರ ದಶಕದ ಆರಂಭದಲ್ಲಿ ತೆರೆದರು: ಯಾರು ಬೇಕಾದರೂ ದಾನ ಕೊಡಬಹುದಾದ, ಯಾರಿಗೆ ಬೇಕಾದರೂ ಸಿಗಬಹುದಾದ ಸಾರ್ವಜನಿಕ ಬ್ಯಾಂಕು. ನವಜಾತ ಶಿಶುವಿನ ರೋಗನಿರೋಧಕ ಕೋಶಗಳು ಇನ್ನೂ ಲೋಕ ಕಾಣದವು, ಅಪರಿಚಿತ ದೇಹದ ಮೇಲೆ ಅಷ್ಟಾಗಿ ಮುನಿಯುವುದಿಲ್ಲ. ಆದ್ದರಿಂದ ಅಂಗಾಂಶ ಪೂರ್ತಿ ಹೊಂದದಿದ್ದರೂ ನಡೆಯುತ್ತದೆ. ದಾನಿಗಳ ಪಟ್ಟಿಯಲ್ಲಿ ತಮ್ಮವರು ಕಡಿಮೆ ಇರುವ, ಅಮೆರಿಕದ ಕಪ್ಪುಜನರಂಥ ಸಮುದಾಯಗಳಿಗೆ ಇದು ದೊಡ್ಡ ಆಸರೆ. ತೊಡಕು ಪ್ರಮಾಣದ್ದು. ಒಂದು ಬಳ್ಳಿಯಿಂದ ಸಿಗುವುದು ಸುಮಾರು ನೂರು ಮಿಲಿಲೀಟರ್, ಬಹಳ ಸಲ ಅಷ್ಟೂ ಇಲ್ಲ. ಮಗುವಿಗೆ ಸಾಕು, ವಯಸ್ಕರಿಗೆ ಸಾಲದು. ಹೊಸ ರಕ್ತ ಚಿಗುರಲು ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಸೋಂಕು ಕಾದಿರುತ್ತದೆ. ಎರಡು ಮಕ್ಕಳ ರಕ್ತವನ್ನು ಒಬ್ಬರಿಗೇ ಕೊಟ್ಟು ನೋಡಿದರು. ಈಗ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹೆಚ್ಚಿಸುತ್ತಾರೆ. ಅಂಥ ಒಮಿಡುಬಿಸೆಲ್ ಎಂಬ ಚಿಕಿತ್ಸೆಗೆ ಅಮೆರಿಕ 2023ರಲ್ಲಿ ಅನುಮತಿ ಕೊಟ್ಟಿತು.

ಮುಂದಿನದ್ದರಲ್ಲಿ ಆಸೆಯೂ ಇದೆ, ಉತ್ಪ್ರೇಕ್ಷೆಯೂ ಇದೆ. ಆಟಿಸಂ ಇರುವ ಮಕ್ಕಳಿಗೆ ಬಳ್ಳಿರಕ್ತ ಕೊಟ್ಟು ನಡೆಸಿದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಯೋಗದ ಮುಖ್ಯ ಅಳತೆಯಲ್ಲಿ ಪ್ರಯೋಜನ ಕಾಣಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. ಬಳ್ಳಿಯನ್ನು ಒಂದೆರಡು ನಿಮಿಷ ತಡವಾಗಿ ಕಟ್ಟಿದರೆ ಆ ರಕ್ತ ಮಗುವಿಗೇ ಹರಿದು ಕಬ್ಬಿಣಾಂಶ ಹೆಚ್ಚುತ್ತದೆ ಎಂಬುದು ಮಾತ್ರ ಗಟ್ಟಿಯಾಗಿ ಗೊತ್ತಿರುವ ವಿಷಯ. ರಕ್ತಹೀನತೆಯ ನಮ್ಮ ನಾಡಿನಲ್ಲಿ, ಸಂಗ್ರಹದ ಅವಸರಕ್ಕೆ ಅದನ್ನು ತಪ್ಪಿಸಬಾರದು ಎಂದು ನನ್ನ ಅನಿಸಿಕೆ.

2022ರಲ್ಲಿ ಇನ್ನೊಂದು ಸುದ್ದಿ ಬಂತು. ಎಚ್‌ಐವಿ ಮತ್ತು ರಕ್ತದ ಕ್ಯಾನ್ಸರು ಎರಡೂ ಇದ್ದ ನ್ಯೂಯಾರ್ಕಿನ ಒಬ್ಬ ಮಹಿಳೆಗೆ 2017ರಲ್ಲಿ ಬಳ್ಳಿರಕ್ತ ಕಸಿ ಮಾಡಿದ್ದರು. ಎಚ್‌ಐವಿ ಒಳನುಗ್ಗುವ ಬಾಗಿಲನ್ನೇ ಮುಚ್ಚುವ ಅಪರೂಪದ ಜೀನ್ ಬದಲಾವಣೆ ಆ ರಕ್ತದಲ್ಲಿತ್ತು. ವೈರಸ್ ವಿರುದ್ಧದ ಮಾತ್ರೆ ನಿಲ್ಲಿಸಿ ವರ್ಷ ದಾಟಿದ ಮೇಲೂ ಆಕೆಯಲ್ಲಿ ವೈರಸ್ ಮರಳಿರಲಿಲ್ಲ. ಆ ರಕ್ತ ಆಕೆಯ ಬಂಧುವಿನದಲ್ಲ. ಯಾವುದೋ ತಾಯಿ ಹೆರಿಗೆಯ ದಿನ ದಾನ ಕೊಟ್ಟು ಹೋದದ್ದು.