ಅಸ್ತಮಾ ರೋಗಿಗಳ ಉಸಿರಾಟದ ಧ್ವನಿ ದಾಖಲೆ

ಅಸ್ತಮಾ ರೋಗಿಗಳ ಉಸಿರಾಟದ ಧ್ವನಿ ದಾಖಲೆ ಎಂಬುದು ಉಸಿರಾಟದ ಸದ್ದನ್ನು ಮೊಬೈಲ್ ಅಥವಾ ಡಿಜಿಟಲ್ ಸ್ಟೆತಸ್ಕೋಪಿನಲ್ಲಿ ಮುದ್ರಿಸಿ, ದಿನಾಂಕ, ಸಮಯ, ಲಕ್ಷಣ ಮತ್ತು ಔಷಧದ ವಿವರಗಳೊಡನೆ ಕ್ರಮವಾಗಿ ಕಾಯ್ದಿಡುವ ಪದ್ಧತಿ. ಅಸ್ತಮಾಕ್ಕೆ ಕನ್ನಡದಲ್ಲಿ ಉಬ್ಬಸ, ಗೂರಲು ಎಂದೂ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ದಮ್ಮು ಎಂದೂ ಹೆಸರುಗಳಿವೆ. ಈ ರೋಗದಲ್ಲಿ ಶ್ವಾಸನಾಳಗಳು ಊದಿಕೊಂಡು ಕಿರಿದಾಗುವುದರಿಂದ, ಮುಖ್ಯವಾಗಿ ಉಸಿರು ಬಿಡುವಾಗ, ಸಿಳ್ಳಿನಂಥ ಸದ್ದು ಹೊರಡುತ್ತದೆ. ಧ್ವನಿ ದಾಖಲೆಯು ರೋಗನಿರ್ಣಯ ಮಾಡುವುದಿಲ್ಲ. ವೈದ್ಯರ ಪರೀಕ್ಷೆಗೆ ಪೂರಕ ಮಾಹಿತಿಯನ್ನು ಒದಗಿಸುತ್ತದೆ.

ಅಗತ್ಯ

ಅಸ್ತಮಾದ ಲಕ್ಷಣಗಳು ಸದಾ ಒಂದೇ ಸಮನಾಗಿರುವುದಿಲ್ಲ. ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚಿ, ಹಗಲಿನಲ್ಲಿ ಇಳಿಯುವುದು ಸಾಮಾನ್ಯ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಿಂದ ತಜ್ಞರನ್ನು ಕಾಣಲು ಬೆಳಗಾವಿ, ಧಾರವಾಡ ಅಥವಾ ಹುಬ್ಬಳ್ಳಿಗೆ ಹೋಗುವ ರೋಗಿಯು ಆಸ್ಪತ್ರೆಯನ್ನು ತಲುಪುವ ಹೊತ್ತಿಗೆ ಎದೆಯಲ್ಲಿ ಸದ್ದೇ ಇಲ್ಲದಿರಬಹುದು. ಹಿಂದಿನ ರಾತ್ರಿಯ ಮುದ್ರಣವು ಈ ಅಂತರವನ್ನು ತುಂಬುತ್ತದೆ. ಚಿಕ್ಕ ಮಕ್ಕಳು ತಮ್ಮ ತೊಂದರೆಯನ್ನು ವಿವರಿಸಲಾರರು. ಅವರ ವಿಷಯದಲ್ಲಿ ಇದರ ಪ್ರಯೋಜನ ಹೆಚ್ಚು.

ಹಿನ್ನೆಲೆ

ಫ್ರಾನ್ಸಿನ ವೈದ್ಯ ರೆನೆ ಲೆನೆಕ್ 1816ರಲ್ಲಿ ಸ್ಟೆತಸ್ಕೋಪನ್ನು ರೂಪಿಸಿ, ಎದೆಯ ಸದ್ದುಗಳ ಕ್ರಮಬದ್ಧ ಅಧ್ಯಯನಕ್ಕೆ ಅಡಿಪಾಯ ಹಾಕಿದನು. 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್ಸನ್ ಸ್ಪೈರೋಮೀಟರನ್ನು ವಿವರಿಸಿದನು. 1959ರಲ್ಲಿ ಬಿ. ಎಂ. ರೈಟ್ ಪೀಕ್ ಫ್ಲೋ ಮೀಟರನ್ನು ಪರಿಚಯಿಸಿದನು. ಅದರ ಕಿರಿದಾದ ರೂಪವು ಬಂದ ಮೇಲೆ ಮನೆಯಲ್ಲೇ ಉಸಿರಿನ ಬಲವನ್ನು ಅಳೆದು ಬರೆದಿಡುವುದು ಸಾಧ್ಯವಾಯಿತು.

ದಾಖಲಿಸುವ ಕ್ರಮ

ಫ್ಯಾನು, ದೂರದರ್ಶನಗಳನ್ನು ಆರಿಸಿ, ಶಾಂತವಾದ ಕೋಣೆಯಲ್ಲಿ ಸುಮಾರು 30 ಸೆಕೆಂಡು ಮುದ್ರಿಸಬೇಕು. ಪ್ರತಿಸಲವೂ ಒಂದೇ ಉಪಕರಣ, ಒಂದೇ ಅಂತರ ಮತ್ತು ದೇಹದ ಒಂದೇ ಜಾಗ ಇದ್ದರೆ ಮಾತ್ರ ಹೋಲಿಕೆ ಸಾಧ್ಯ. ಕಡತದ ಹೆಸರನ್ನು ವರ್ಷ, ತಿಂಗಳು, ದಿನ, ಗಂಟೆ ಎಂಬ ಅನುಕ್ರಮದಲ್ಲಿ ಕೊಟ್ಟರೆ, ಉದಾಹರಣೆಗೆ '2024-11-05-0430-ಬೆನ್ನು-ಬಲಗಡೆ' ಎಂದು ಬರೆದರೆ, ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಜೊತೆಗಿರುವ ವಹಿಯಲ್ಲಿ ಈ ಅಂಶಗಳಿರಬೇಕು:

• ಕೆಮ್ಮು, ಎದೆಬಿಗಿತ, ನಿದ್ರಾಭಂಗ ಮೊದಲಾದ ಲಕ್ಷಣಗಳು
• ತೆಗೆದುಕೊಂಡ ಔಷಧ, ಅದರ ಪ್ರಮಾಣ ಮತ್ತು ಸಮಯ
• ಔಷಧಕ್ಕೆ ಮೊದಲು ಮುದ್ರಿಸಿದ್ದೋ ನಂತರ ಮುದ್ರಿಸಿದ್ದೋ ಎಂಬ ವಿವರ
• ಧೂಳು, ಹೊಗೆ, ನೆಗಡಿ ಮುಂತಾದ ಸಂಭವನೀಯ ಕಾರಣಗಳು
• ಪೀಕ್ ಫ್ಲೋ ಅಳತೆ

ಪೀಕ್ ಫ್ಲೋ ಮೀಟರಿನಲ್ಲಿ ಮೂರು ಬಾರಿ ಊದಿ, ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳುವುದು ವಾಡಿಕೆ. ರೋಗಿಯ ಅತ್ಯುತ್ತಮ ಅಳತೆಯ ಶೇ. 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಹಸಿರು, ಶೇ. 50ರಿಂದ 80ರ ನಡುವೆ ಇದ್ದರೆ ಹಳದಿ, ಶೇ. 50ಕ್ಕಿಂತ ಕಡಿಮೆಯಿದ್ದರೆ ಕೆಂಪು ವಲಯವೆಂದು ಗುರುತಿಸಲಾಗುತ್ತದೆ.

ಸ್ಥಳೀಯ ಪ್ರಚೋದಕಗಳು

ಮಲಪ್ರಭಾ ನದಿಯ ಆಸುಪಾಸಿನ ಈ ನಾಡಿನಲ್ಲಿ ಜೋಳ, ಹತ್ತಿ ಮತ್ತು ಕಬ್ಬು ಮುಖ್ಯ ಬೆಳೆಗಳು. ರಾಶಿ ಮಾಡುವಾಗ ಏಳುವ ಧೂಳು, ಹತ್ತಿಯ ನಾರಿನ ಪುಡಿ, ಕಬ್ಬು ಕಡಿದ ಬಳಿಕ ಸುಡುವ ರವದಿಯ ಹೊಗೆ, ಕಟ್ಟಿಗೆ ಒಲೆಯ ಹೊಗೆ ಹಾಗೂ ಕಾಂಗ್ರೆಸ್ ಹುಲ್ಲಿನ ಪರಾಗ ಕೆಲವರಲ್ಲಿ ಉಬ್ಬಸವನ್ನು ಕೆರಳಿಸಬಹುದು. ಯಾರಿಗೆ ಯಾವುದರಿಂದ ತೊಂದರೆ ಎಂಬುದು ಒಂದೆರಡು ಮುದ್ರಣಗಳಿಂದ ತಿಳಿಯದು. ಸುಗ್ಗಿ, ಮಳೆಗಾಲ ಮತ್ತು ಚಳಿಗಾಲಗಳನ್ನು ಒಳಗೊಂಡ ವರ್ಷವಿಡೀ ದಾಖಲೆಯಲ್ಲಿ ಅದರ ಸುಳಿವು ಸಿಗುತ್ತದೆ.

ಕರ್ನಾಟಕದಲ್ಲಿ ಸಂಶೋಧನೆ

ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ, 18 ವರ್ಷದೊಳಗಿನವರಲ್ಲಿ ಅಸ್ತಮಾದ ಪ್ರಮಾಣವು 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿದ್ದು ಕಂಡುಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2020ರಲ್ಲಿ ಆರಂಭಿಸಿದ ಕೋಸ್ವರ ಯೋಜನೆಯು ಕೋವಿಡ್ ಪತ್ತೆಯ ಉದ್ದೇಶದಿಂದ 2,635 ಜನರ ಉಸಿರಾಟ, ಕೆಮ್ಮು ಮತ್ತು ಮಾತಿನ ಧ್ವನಿಗಳನ್ನು ಸಂಗ್ರಹಿಸಿತು. ಪ್ರತಿಯೊಬ್ಬರ ವಯಸ್ಸು, ಲಕ್ಷಣ ಮತ್ತು ಆರೋಗ್ಯಸ್ಥಿತಿಯನ್ನೂ ಧ್ವನಿಯೊಡನೆ ಜೋಡಿಸಿದ್ದರಿಂದಲೇ ಆ ಸಂಗ್ರಹವು ಅಧ್ಯಯನಕ್ಕೆ ಒದಗಿತು. ಮನೆಯ ದಾಖಲೆಗೂ ಇದೇ ತತ್ವ ಅನ್ವಯಿಸುತ್ತದೆ: ವಿವರಗಳಿಲ್ಲದ ಧ್ವನಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಮಿತಿಗಳು ಮತ್ತು ಎಚ್ಚರಿಕೆ

ಮೊಬೈಲಿನ ಧ್ವನಿಗ್ರಾಹಕವನ್ನು ಮಾತಿಗಾಗಿ ರೂಪಿಸಿರುವುದರಿಂದ, ಅದು ಉಸಿರಿನ ಸದ್ದನ್ನೇ ಗದ್ದಲವೆಂದು ಪರಿಗಣಿಸಿ ಕುಗ್ಗಿಸಬಹುದು. ಸಿಳ್ಳಿನ ಸದ್ದು ಅಸ್ತಮಾದಲ್ಲಿ ಮಾತ್ರ ಕೇಳಿಸುವಂಥದ್ದೂ ಅಲ್ಲ. ಶ್ವಾಸನಾಳದ ಸೋಂಕು, ಒಳಸೇರಿದ ಪರವಸ್ತು ಮುಂತಾದವುಗಳಿಂದಲೂ ಅದು ಉಂಟಾಗಬಹುದು.

ಸದ್ದು ಕಡಿಮೆಯಾದ ಮಾತ್ರಕ್ಕೆ ರೋಗ ಇಳಿದಿದೆ ಎಂದು ಭಾವಿಸಬಾರದು. ತೀವ್ರ ಉಬ್ಬಸದಲ್ಲಿ ಗಾಳಿಯ ಓಡಾಟವೇ ಕುಗ್ಗಿ ಎದೆ ನಿಶ್ಶಬ್ದವಾಗಬಹುದು. ಇದು ಪ್ರಾಣಾಪಾಯದ ಸೂಚನೆ. ಒಂದು ವಾಕ್ಯವನ್ನೂ ಪೂರ್ಣವಾಗಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ ಅಥವಾ ಇನ್‌ಹೇಲರಿನಿಂದ ಉಪಶಮನ ಸಿಗದಿದ್ದರೆ ಮುದ್ರಣಕ್ಕೆ ಸಮಯ ಕಳೆಯದೆ 108 ಆಂಬುಲೆನ್ಸ್ ಕರೆಯಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ದಾಖಲೆಯಲ್ಲಿ ಕಂಡ ಬದಲಾವಣೆಯ ಆಧಾರದ ಮೇಲೆ, ವೈದ್ಯರ ಸಲಹೆಯಿಲ್ಲದೆ ಔಷಧವನ್ನು ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಸಲ್ಲದು.