ಇನಾಮು ಹತ್ತಿದ್ರೆ ಸರ್ಕಾರಕ್ಕೆ ಎಷ್ಟು? ಲಕ್ಕಿ ಡ್ರಾ, ಲಾಟರಿ, ಆನ್‌ಲೈನ್ ಆಟದ ತೆರಿಗೆ ಲೆಕ್ಕ

ಶಿರೂರು: ಹಬ್ಬ ಬಂತಂದ್ರೆ ಅಂಗಡಿ ಮುಂದೆ ಲಕ್ಕಿ ಡ್ರಾ ಬ್ಯಾನರ್, ಜಾತ್ರೆ ಬಂತಂದ್ರೆ ಕೂಪನ್. ಬೈಕ್, ಫ್ರಿಜ್, ಬಂಗಾರದ ನಾಣ್ಯ ಅಂತ ದೊಡ್ಡ ಅಕ್ಷರದಾಗ ಬರೆದಿರತಾರ. ಗೆದ್ದವರು ಎಷ್ಟು ತೆರಿಗೆ ಕಟ್ಟಬೇಕು ಅನ್ನೋದನ್ನ ಮಾತ್ರ ಯಾರೂ ಬರೆಯೋದಿಲ್ಲ. ಇದು ಗೊತ್ತಿಲ್ಲದ್ದಕ್ಕೆ ಕೆಲವರಿಗೆ ನೋಟಿಸ್ ಬರುತ್ತದೆ, ಇನ್ನು ಕೆಲವರು "ನಿಮಗ ಲಾಟರಿ ಹತ್ತೈತಿ, ಮೊದಲ ಟ್ಯಾಕ್ಸ್ ಕಟ್ರಿ" ಅನ್ನುವ ಮೋಸದ ಫೋನ್ ನಂಬಿ ಕೈಯಾಗಿನ ರೊಕ್ಕಾನೂ ಕಳಕೊಳ್ತಾರೆ. ಹೀಗಾಗಿ ಗೆದ್ದವರು ಮತ್ತು ಇನಾಮು ಕೊಡುವ ಅಂಗಡಿಕಾರರು ಇಬ್ಬರೂ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ದರ ಎಷ್ಟು?

ಲಾಟರಿ, ಲಕ್ಕಿ ಡ್ರಾ, ಟಿವಿ ಗೇಮ್ ಶೋ, ಇಸ್ಪೀಟು, ಕುದುರೆ ರೇಸ್, ಬೆಟ್ಟಿಂಗ್ ಎಲ್ಲದಕ್ಕೂ ಒಂದೇ ದರ: ಶೇ 30. ಅದರ ಮೇಲೆ ಶೇ 4 ಸೆಸ್. ಎರಡೂ ಸೇರಿ ಶೇ 31.2. ವರ್ಷದ ಆದಾಯ 50 ಲಕ್ಷ ದಾಟಿದವರಿಗೆ ಸರ್ಚಾರ್ಜ್ ಬೇರೆ.

"ನಂದು ಬರೇ ಹೊಲದ ಆದಾಯ ಐತ್ರಿ, ನಾ ಯಾಕ ಕಟ್ಟಬೇಕು?" ಅಂತ ಕೇಳುವವರಿದ್ದಾರೆ. ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಇನಾಮಿನ ಹಣಕ್ಕೆ ಬೇಸಿಕ್ ವಿನಾಯಿತಿ ಮಿತಿ ಅನ್ವಯಿಸುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವ ರಿಬೇಟ್ ಕೂಡ ಇದಕ್ಕೆ ಸಿಗುವುದಿಲ್ಲ. ಹಳೇ ಪದ್ಧತಿ ಆಯ್ದುಕೊಂಡು, ಒಟ್ಟು ಆದಾಯ 5 ಲಕ್ಷದೊಳಗಿದ್ದರೆ ರಿಬೇಟಿನ ದಾರಿ ಇದೆ. ರಿಟರ್ನ್ ತುಂಬುವ ಮೊದಲು ನಿಮ್ಮ ತೆರಿಗೆ ಸಲಹೆಗಾರರಿಗೆ ಇದನ್ನ ಕೇಳಿಕೊಳ್ಳಿ.

ಖರ್ಚನ್ನೂ ಕಳೆಯುವಂತಿಲ್ಲ. 20 ಸಾವಿರ ರೂಪಾಯಿ ಟಿಕೆಟ್ ಕೊಂಡು 25 ಸಾವಿರ ಗೆದ್ದರೆ, ನಿಮ್ಮ ಲೆಕ್ಕದಾಗ ಲಾಭ 5 ಸಾವಿರ. ತೆರಿಗೆ ಬೀಳೋದು ಮಾತ್ರ ಪೂರ್ತಿ 25 ಸಾವಿರಕ್ಕೆ, ಅಂದರೆ 7,800 ರೂ. ಗೆದ್ದೂ ಕೈಯಿಂದಲೇ ಹೋಗುತ್ತದೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿದೆ. ಸೆಕ್ಷನ್ ನಂಬರ್ ಬದಲಾಗಿವೆ, ಶೇ 30ರ ದರ ಹಾಗೇ ಇದೆ.

10 ಸಾವಿರದ ಗೆರೆ

ಒಂದು ಇನಾಮು 10 ಸಾವಿರ ರೂಪಾಯಿ ದಾಟಿದರೆ ಕೊಡುವವರೇ ಶೇ 30 ಟಿಡಿಎಸ್ ಹಿಡಿದು ಉಳಿದದ್ದನ್ನು ಕೊಡಬೇಕು. 50 ಸಾವಿರ ಗೆದ್ದರೆ ಕೈಗೆ ಬರುವುದು 35 ಸಾವಿರ. ಸೆಸ್‌ನ 600 ರೂಪಾಯಿ ರಿಟರ್ನ್ ತುಂಬುವಾಗ ಕಟ್ಟಬೇಕು. 10 ಸಾವಿರದೊಳಗಿನ ಇನಾಮಿಗೆ ಟಿಡಿಎಸ್ ಹಿಡಿಯುವುದಿಲ್ಲ. ಹಾಗಂತ ಅದು ತೆರಿಗೆ ಮುಕ್ತ ಅಲ್ಲ, ರಿಟರ್ನ್‌ನಲ್ಲಿ ತೋರಿಸಲೇಬೇಕು.

ಬೈಕ್ ಗೆದ್ದರೆ?

ವಸ್ತುವಿನಲ್ಲಿ ಶೇ 30 ಕತ್ತರಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಕಾನೂನು ಹೇಳುವುದಿಷ್ಟೇ: ತೆರಿಗೆ ಕಟ್ಟಿದ್ದು ಖಾತ್ರಿ ಆದ ಮೇಲೆಯೇ ಕೀಲಿ ಕೊಡಬೇಕು. 90 ಸಾವಿರದ ಬೈಕ್ ಅಂದರೆ 27 ಸಾವಿರ ತೆರಿಗೆ. ಅದನ್ನ ಗೆದ್ದವರು ಕಟ್ಟಬಹುದು, ಇಲ್ಲವೇ ಅಂಗಡಿಯವರೇ ಭರಿಸಬಹುದು. ಯಾರು ಕಟ್ಟತಾರ ಅನ್ನೋದನ್ನ ಕೂಪನ್ ಮೇಲೇ ಬರೆದರೆ ಆಮೇಲೆ ಜಗಳ ಇರೋದಿಲ್ಲ.

ಅಂಗಡಿಕಾರರ ಗಮನಕ್ಕೆ

ಡ್ರಾ ಇಟ್ಟು 10 ಸಾವಿರಕ್ಕಿಂತ ಹೆಚ್ಚಿನ ಇನಾಮು ಕೊಟ್ಟರೆ ಟಿಡಿಎಸ್ ಜವಾಬ್ದಾರಿ ನಿಮ್ಮದೇ. "ನಂದು ಸಣ್ಣ ಅಂಗಡಿ" ಅಂದರೆ ನಡೆಯೋದಿಲ್ಲ. ಟ್ಯಾನ್ ನಂಬರ್ ಮಾಡಿಸಿ, ಗೆದ್ದವರ ಪ್ಯಾನ್ ಪಡೆದು, ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಹಣ ತುಂಬಿ, ಗೆದ್ದವರಿಗೆ ಟಿಡಿಎಸ್ ಸರ್ಟಿಫಿಕೇಟ್ ಕೊಡಬೇಕು. ತಪ್ಪಿದರೆ ಬಡ್ಡಿ, ದಂಡ ಎರಡೂ ನಿಮ್ಮ ತಲೆಗೆ.

ಗೊಬ್ಬರ, ಸಿಮೆಂಟ್, ಪೇಂಟ್ ಕಂಪನಿಗಳು ಟಾರ್ಗೆಟ್ ಮುಟ್ಟಿದ ಡೀಲರ್‌ಗೆ ಕೊಡುವ ನಾಣ್ಯ, ಫಾರಿನ್ ಟೂರ್ ಲಾಟರಿ ಅಲ್ಲ. ಅದು ವ್ಯಾಪಾರದ ಆದಾಯ. ವರ್ಷಕ್ಕೆ 20 ಸಾವಿರ ದಾಟಿದರೆ ಕಂಪನಿ ಶೇ 10 ಟಿಡಿಎಸ್ ಹಿಡಿಯುತ್ತದೆ. 2022ರ ಜುಲೈ 1ರಿಂದ ಈ ನಿಯಮ ಇದೆ. ನಿಮ್ಮ ಎಂದಿನ ಸ್ಲ್ಯಾಬ್ ಪ್ರಕಾರ ತೆರಿಗೆ ಲೆಕ್ಕ ಆಗುತ್ತದೆ.

ಇನ್ನೊಂದು ಎಚ್ಚರಿಕೆ. ತಿಂಗಳಿಗೆ ಇಷ್ಟು ಅಂತ ಕಂತು ಕಟ್ಟಿಸಿಕೊಂಡು, ಪ್ರತಿ ತಿಂಗಳು ಚೀಟಿ ಎತ್ತಿ, ಹೆಸರು ಬಂದವರಿಗೆ ಬೈಕೋ ಟಿವಿಯೋ ಕೊಟ್ಟು ಮುಂದಿನ ಕಂತು ಮಾಫಿ ಮಾಡುವ ಸ್ಕೀಮುಗಳಿವೆ. 1978ರ ಪ್ರೈಜ್ ಚಿಟ್ ನಿಷೇಧ ಕಾಯ್ದೆ ಪ್ರಕಾರ ಅವು ಅಪರಾಧ. ನಡೆಸಲೂಬೇಡಿ, ಸೇರಲೂಬೇಡಿ.

ಲಾಟರಿ, ಓ.ಸಿ., ಆ್ಯಪ್

ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷೇಧ. ಕೇರಳದಲ್ಲಿ ಇದೆ. 2024ರ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯವರ ಪಾಲಾಗಿತ್ತು. ಅಂಥ ಬಂಪರ್‌ನಲ್ಲಿ ಕೈಗೆ ಎಷ್ಟು ಉಳಿಯುತ್ತದೆ ನೋಡಿ. ಶೇ 10 ಏಜೆಂಟ್ ಕಮಿಷನ್ ಹೋದರೆ 22.5 ಕೋಟಿ. ಶೇ 30 ಟಿಡಿಎಸ್ ಹೋದರೆ 15.75 ಕೋಟಿ. ಹೊಸ ಪದ್ಧತಿಯ ಸರ್ಚಾರ್ಜ್, ಸೆಸ್ ಸೇರಿ ಮತ್ತೆ ಸುಮಾರು 2 ಕೋಟಿ ಗೆದ್ದವರೇ ಕಟ್ಟಬೇಕು. ಉಳಿಯುವುದು ಸುಮಾರು 13.7 ಕೋಟಿ. ಟಿಡಿಎಸ್ ಹಿಡಿದಾರ ಅಂದ ಕೂಡಲೇ ತೆರಿಗೆ ಮುಗೀತು ಅಂತ ತಿಳೀಬಾರದು.

ಓ.ಸಿ., ಮಟ್ಕಾ, ಕ್ರಿಕೆಟ್ ಬೆಟ್ಟಿಂಗ್ ಕಾನೂನುಬಾಹಿರ. ಸಿಕ್ಕರೆ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸ್. ಆ ಹಣಕ್ಕೂ ತೆರಿಗೆ ಇದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಆಟ ಸಕ್ರಮ ಆಗುವುದಿಲ್ಲ.

ಆನ್‌ಲೈನ್ ಆಟದ ಗೆಲುವಿಗೆ 2023ರ ಏಪ್ರಿಲ್‌ನಿಂದ 10 ಸಾವಿರದ ಮಿತಿಯೂ ಇಲ್ಲ. ನಿವ್ವಳ ಗೆಲುವು ಎಷ್ಟೇ ಇರಲಿ, ಶೇ 30 ಕಡಿತ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧ ಕಾಯ್ದೆ ಅಂಗೀಕರಿಸಿತು. ದೊಡ್ಡ ಆ್ಯಪ್‌ಗಳು ಆಗಲೇ ಹಣದ ಆಟ ನಿಲ್ಲಿಸಿದವು. ಅದಕ್ಕೂ ಮೊದಲು ಗೆದ್ದಿದ್ದರೆ ಆ ವರ್ಷದ ರಿಟರ್ನ್‌ನಲ್ಲಿ ತೋರಿಸಬೇಕು.

ಕುಸ್ತಿ, ಕಲ್ಲು ಎತ್ತುವ ಸ್ಪರ್ಧೆ

ಇವು ಮೈಬಲದ ಆಟ, ಅದೃಷ್ಟದ್ದಲ್ಲ. ಹವ್ಯಾಸಕ್ಕೆ ಆಡುವವರು, ಅದನ್ನೇ ವೃತ್ತಿ ಮಾಡಿಕೊಂಡವರ ಲೆಕ್ಕ ಬೇರೆ ಬೇರೆ. ದೊಡ್ಡ ಮೊತ್ತ ಬಂದಿದ್ದರೆ ಕರಪತ್ರ, ರಸೀದಿ ಇಟ್ಟುಕೊಂಡು ಸಲಹೆಗಾರರನ್ನು ಕಾಣಿರಿ.

ರಿಟರ್ನ್ ಯಾವುದು?

ಲಾಟರಿ ಹಣ ಇದ್ದರೆ ಸರಳವಾದ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ಐಟಿಆರ್-4 ತುಂಬುತ್ತಿದ್ದ ಅಂಗಡಿಕಾರರು ಆ ವರ್ಷ ಐಟಿಆರ್-3 ತುಂಬಬೇಕು. ಹಿಡಿದ ಟಿಡಿಎಸ್ ನಿಮ್ಮ ಪ್ಯಾನ್‌ನಲ್ಲಿ ಕಾಣುತ್ತದೋ ಇಲ್ಲವೋ ಅಂತ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲು ನೋಡಿ.

ಮೋಸದ ಫೋನ್ ಗುರುತಿಸುವುದು ಹೀಗೆ

"ಕೌನ್ ಬನೇಗಾ ಕರೋಡ್‌ಪತಿ"ಯಲ್ಲಿ 25 ಲಕ್ಷ ಬಂದಿದೆ ಅಂತ ವಾಟ್ಸ್‌ಆ್ಯಪ್‌ಗೆ ಬರುವ ಮೆಸೇಜು ಸುಳ್ಳು.

• ನಗದು ಇನಾಮಿನ ಟಿಡಿಎಸ್ ಇನಾಮಿನಿಂದಲೇ ಕಡಿತ ಆಗುತ್ತದೆ. ಮೊದಲು ರೊಕ್ಕ ಹಾಕ್ರಿ ಅಂದರೆ ಮೋಸ.
• ವಸ್ತುವಿನ ಇನಾಮಿಗೆ ಮೊದಲೇ ತೆರಿಗೆ ಕಟ್ಟುವುದು ನಿಜ. ಅದನ್ನ ನಿಮ್ಮ ಪ್ಯಾನ್ ಮೇಲೆ ಚಲನ್ ತುಂಬಿ ಕಟ್ಟಿ, ಇಲ್ಲವೇ ಡ್ರಾ ನಡೆಸಿದ ಅಂಗಡಿಯಲ್ಲೇ ರಸೀದಿ ಪಡೆದು ಕೊಡಿ. ಯಾರದೋ ಫೋನ್ ಪೇ ನಂಬರಿಗೆ ಹಾಕಬೇಡಿ.
• ಟಿಕೆಟ್ ಕೊಂಡಿಲ್ಲ, ಕೂಪನ್ ತುಂಬಿಲ್ಲ ಅಂದ ಮೇಲೆ ಇನಾಮು ಎಲ್ಲಿಂದ ಬರಬೇಕು?

ರೊಕ್ಕ ಹಾಕಿಬಿಟ್ಟಿದ್ದರೆ ನಾಚಿಕೆ ಪಟ್ಟು ಸುಮ್ಮನಾಗಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.