ತೊಟ್ಲಕೊಂಡದ ಐದು ಬೆಳ್ಳಿ ನಾಣ್ಯಗಳು

ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋಗುವ ನಮ್ಮವರು ಡಚ್ಚರ ಹಳೆಯ ಸಮಾಧಿಗಳನ್ನು ನೋಡಿ, ಕಡಲಲ್ಲಿ ಕಾಲು ನೆನೆಸಿ ಮರಳುತ್ತಾರೆ. ದಾರಿಯಲ್ಲೇ ಇರುವ ತೊಟ್ಲಕೊಂಡ ಹತ್ತುವವರು ಕಡಿಮೆ. ಡಚ್ಚರು ಇಲ್ಲಿಗೆ ಬಂದದ್ದು 17ನೇ ಶತಮಾನದಲ್ಲಿ. ಅದಕ್ಕೂ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ರೋಮಿನ ಬೆಳ್ಳಿ ಈ ಗುಡ್ಡ ಹತ್ತಿತ್ತು.

1976ರಲ್ಲಿ ನೌಕಾಪಡೆ ತನ್ನ ನೆಲೆಗಾಗಿ ವಿಮಾನದಿಂದ ಸಮೀಕ್ಷೆ ಮಾಡುವಾಗ ಇಲ್ಲಿನ ಅವಶೇಷಗಳು ಬೆಳಕಿಗೆ ಬಂದವು. 1978ರಲ್ಲಿ ಸುಮಾರು 120 ಎಕರೆ ಸಂರಕ್ಷಿತ ಪ್ರದೇಶವಾಯಿತು. 1988ರಿಂದ 1993ರವರೆಗೆ ರಾಜ್ಯ ಪುರಾತತ್ವ ಇಲಾಖೆ ಉತ್ಖನನ ನಡೆಸಿತು. ಸ್ತೂಪಗಳು, ಚೈತ್ಯಗಳು, ಭಿಕ್ಷುಗಳ ಕೋಣೆಗಳು, ಊಟದ ಶಾಲೆ ಎಲ್ಲ ಹೊರಬಂದವು. ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳೂ ಇವೆ. ಗುಡ್ಡಕ್ಕೆ ಹೆಸರು ಬಂದದ್ದು ಅವುಗಳಿಂದ. ತೆಲುಗಿನ ತೊಟ್ಟಿಯೂ ನಮ್ಮ ತೊಟ್ಟಿಯೂ ಒಂದೇ ನೋಡಿ!

ಅಲ್ಲಿ ಸಿಕ್ಕ ನಾಣ್ಯಗಳು ಸ್ವಲ್ಪವೇ: ಶಾತವಾಹನರ ಒಂಬತ್ತು ಸೀಸದ ನಾಣ್ಯ, ರೋಮಿನ ಐದು ಬೆಳ್ಳಿ ನಾಣ್ಯ. ಇಷ್ಟಕ್ಕೇ ಇದನ್ನು ರೋಮನ್ನರ ನೆಲೆ ಎನ್ನಲಾಗದು. ಭಿಕ್ಷುಗಳು ಬೆಳ್ಳಿ ಬಂಗಾರ ಮುಟ್ಟಬಾರದೆಂದು ವಿನಯದ ನಿಯಮ. ಹಾಗಾಗಿ ಕಡಲ ವ್ಯಾಪಾರದಲ್ಲಿ ಗಳಿಸಿದ ಯಾರೋ ವರ್ತಕರು ವಿಹಾರಕ್ಕೆ ಕೊಟ್ಟ ಕಾಣಿಕೆ ಇದಿರಬೇಕೆಂದು ನನ್ನ ಊಹೆ.

ಇದೇ ಜೋಡಿ ನಮ್ಮ ನಾಡಿನಲ್ಲೂ ಇದೆ. ಚಿತ್ರದುರ್ಗದ ಕೋಟೆಯ ಪಕ್ಕದ ಚಂದ್ರವಳ್ಳಿಯಲ್ಲಿ ಶಾತವಾಹನರ ಸೀಸದ ನಾಣ್ಯಗಳ ಜೊತೆ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ. ಅಲ್ಲಿ ಎಂ.ಎಚ್. ಕೃಷ್ಣ ಅವರು ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿ ನೋಡಿ ಬಂದವರಲ್ಲಿ ಎಷ್ಟು ಮಂದಿ ಕೆಳಗಿನ ಚಂದ್ರವಳ್ಳಿಯಲ್ಲಿ ನಿಂತು ನೋಡಿದ್ದಾರೆ? ಊರು ಬಿಟ್ಟು ಈ ಕರಾವಳಿಗೆ ಬಂದ ನಮಗೆ ತೊಟ್ಲಕೊಂಡ ಪರಸ್ಥಳವಲ್ಲ ಎಂದು ನನಗನಿಸುವುದು ಇದಕ್ಕೇ. ಎರಡೂ ಕಡೆ ಚಲಾವಣೆಯಲ್ಲಿದ್ದದ್ದು ಒಂದೇ ರಾಜವಂಶದ ಸೀಸ.

2019ರ ಅಕ್ಟೋಬರ್ ಮಳೆಗೆ ತೊಟ್ಲಕೊಂಡದ ಮಹಾಸ್ತೂಪದ ಒಂದು ಭಾಗ ಕುಸಿಯಿತು. ಕುಸಿದದ್ದು ಜೀರ್ಣೋದ್ಧಾರದಲ್ಲಿ ಕಟ್ಟಿದ ಇಟ್ಟಿಗೆ. ಬಂಡೆಯಲ್ಲಿ ಕೊರೆದ ತೊಟ್ಟಿಗಳು ಮಾತ್ರ ಅಂದಿನವೇ. ಮಕ್ಕಳನ್ನು ಕರೆದೊಯ್ದಾಗ ಮೊದಲು ಅವನ್ನೇ ತೋರಿಸಿ. ಇಟ್ಟಿಗೆಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ಬೆಳಗ್ಗೆ ಬೇಗ ಹೋದರೆ ಬಿಸಿಲಿನ ಕಾಟವಿಲ್ಲ, ಕೆಳಗೆ ಕಡಲು ಚೆನ್ನಾಗಿ ಕಾಣುತ್ತದೆ.